1804ರ ನಕ್ಷೆಯಲ್ಲಿ ಬಳ್ಳಾರಿ ಯಾರದು?

ಪ್ರಶ್ನೆ: ನಾನು ಬಳ್ಳಾರಿಯ ನಿವೃತ್ತ ಪ್ರೌಢಶಾಲಾ ಶಿಕ್ಷಕ. ನಮ್ಮ ಸೀಮೆಯ ಹಳೆಯ ನಕ್ಷೆಗಳನ್ನು ಸಂಗ್ರಹಿಸಬೇಕೆಂಬ ಆಸೆ ಬಹಳ ದಿನಗಳದು. ಲಂಡನ್ನಿನ ವ್ಯಾಪಾರಿಯೊಬ್ಬರ ಪಟ್ಟಿಯಲ್ಲಿ, 1804 ಎಂದು ಅಚ್ಚಾಗಿರುವ ದಕ್ಷಿಣ ಭಾರತದ ನಕ್ಷೆಯೊಂದು ಕಣ್ಣಿಗೆ ಬಿತ್ತು. ಅದರಲ್ಲಿ ಬಳ್ಳಾರಿ ನಿಜಾಮರ ರಾಜ್ಯದ ಬಣ್ಣದೊಳಗಿದೆ. 1800ರಲ್ಲೇ ಬಳ್ಳಾರಿ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತ್ತಲ್ಲವೇ? ಹಾಗಾದರೆ ಈ ನಕ್ಷೆ ನಕಲಿಯೇ? ನನ್ನಂಥವನು ಸಂಗ್ರಹವನ್ನು ಎಲ್ಲಿಂದ ಆರಂಭಿಸಬೇಕು, ಹೇಗೆ ಕಾಪಾಡಬೇಕು?

ಉತ್ತರ: ಗಡಿ ತಪ್ಪಾಗಿದೆ ಎಂಬ ಒಂದೇ ಕಾರಣಕ್ಕೆ ಆ ನಕ್ಷೆಯನ್ನು ನಕಲಿ ಎನ್ನಲಾಗದು. ಇಸವಿ ನಿಮಗೆ ಸರಿಯಾಗಿಯೇ ನೆನಪಿದೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲೂ 1799ರಲ್ಲಿ ಟಿಪ್ಪು ಮಡಿದ ನಂತರದ ಹಂಚಿಕೆಯಲ್ಲೂ ತನ್ನ ಪಾಲಿಗೆ ಬಂದ ಮೈಸೂರು ಸೀಮೆಯನ್ನು ನಿಜಾಮ 1800ರ ಅಕ್ಟೋಬರ್ 12ರ ಒಪ್ಪಂದದ ಮೂಲಕ ಕಂಪನಿಗೆ ಬಿಟ್ಟುಕೊಟ್ಟ. ತನ್ನ ರಾಜ್ಯದಲ್ಲಿ ಇರಿಸಿಕೊಂಡ ಕಂಪನಿಯ ಸೈನ್ಯದ ಖರ್ಚಿಗಾಗಿ ಕೊಟ್ಟ ನೆಲ ಅದು. ಬಳ್ಳಾರಿ, ಅನಂತಪುರ, ಕಡಪದ ಸೀಮೆ ಹೀಗೆ ಮದರಾಸಿನ ಆಡಳಿತಕ್ಕೆ ಬಂತು. ಥಾಮಸ್ ಮನ್ರೋ ಅದರ ಕಲೆಕ್ಟರನಾದ. ಬಳ್ಳಾರಿಯ ಮೇಲೆ ನಿಜಾಮನ ಹಕ್ಕು ಉಳಿದದ್ದು ಕೆಲವೇ ವರ್ಷ. ಆ ಕೆಲವು ವರ್ಷಗಳನ್ನು ತೋರಿಸುವ ನಕ್ಷೆ 1804ರ ಹೆಸರಿನಲ್ಲಿ ನಿಮ್ಮ ಮುಂದಿದೆ ಎಂದರೆ, ಅದನ್ನು ತಳ್ಳಿಹಾಕುವ ಮೊದಲು ಚೆನ್ನಾಗಿ ನೋಡಬೇಕು.

ಹಳೆಯ ನಕ್ಷೆಯೊಂದರಲ್ಲಿ ಮೂರು ಇಸವಿಗಳು ಅಡಗಿರುತ್ತವೆ. ನೆಲವನ್ನು ಅಳೆದ ಇಸವಿ ಒಂದು. ಆ ಅಳತೆಯನ್ನು ತಾಮ್ರದ ತಗಡಿನ ಮೇಲೆ ಕೊರೆದ ಇಸವಿ ಇನ್ನೊಂದು. ತಗಡಿನಿಂದ ಹಾಳೆ ಅಚ್ಚಾಗಿ, ಅದಕ್ಕೆ ಕೈಯಿಂದ ಬಣ್ಣ ಬಿದ್ದ ಇಸವಿ ಮೂರನೆಯದು. ಕೆಳಗಿನ ಅಂಚಿನಲ್ಲಿ ಪ್ರಕಾಶಕನ ಹೆಸರಿನೊಂದಿಗೆ ಕಾಣುವ ಇಸವಿ ಸಾಮಾನ್ಯವಾಗಿ ಎರಡನೆಯದು. ಕೆಲವೊಮ್ಮೆ ಮಾರಾಟಕ್ಕಾಗಿ ಹೊಸದಾಗಿ ಕೊರೆದ ಅಂಕಿ ಮಾತ್ರ. ತಾಮ್ರದ ತಗಡು ದುಬಾರಿ ಸೊತ್ತು. ಪ್ರಕಾಶಕರು ಅದನ್ನು ದಶಕಗಳ ಕಾಲ ಬಳಸುತ್ತಿದ್ದರು, ಮಾರುತ್ತಿದ್ದರು, ಮಕ್ಕಳಿಗೆ ಬಿಟ್ಟುಹೋಗುತ್ತಿದ್ದರು. ಹಡಗು ಆಫ್ರಿಕಾದ ತುದಿಯನ್ನು ಸುತ್ತಿ ಮದರಾಸಿನಿಂದ ಲಂಡನ್ನಿಗೆ ಹೋಗಲು ಐದಾರು ತಿಂಗಳು ಬೇಕಾಗಿದ್ದ ಕಾಲ. ಒಪ್ಪಂದದ ಪ್ರತಿ ಅಲ್ಲಿ ತಲುಪಿ, ಯಾವ ತಾಲ್ಲೂಕು ಯಾರಿಗೆ ಎಂದು ನಕ್ಷೆಗಾರನಿಗೆ ತಿಳಿದು, ಅವನು ತಗಡನ್ನು ತಿದ್ದುವ ಹೊತ್ತಿಗೆ ಇಲ್ಲಿ ಮತ್ತೊಂದು ಒಪ್ಪಂದ ಆಗಿರುತ್ತಿತ್ತು. 1792ರಿಂದ 1800ರ ನಡುವಿನ ದಕ್ಷಿಣ ಭಾರತದ ಮಟ್ಟಿಗೆ ಇದು ಅಕ್ಷರಶಃ ನಿಜ.

ಇನ್ನು ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ನಿಮ್ಮನ್ನು ಗೊಂದಲಕ್ಕೆ ತಳ್ಳಿರುವುದು ಅಚ್ಚಲ್ಲ, ಬಣ್ಣ. ಆ ಕಾಲದ ತಾಮ್ರಪಟದ ನಕ್ಷೆಗಳಲ್ಲಿ ಗಡಿ ಎರಡು ಬಗೆಯಲ್ಲಿ ಇರುತ್ತದೆ: ತಗಡಿನಲ್ಲೇ ಕೊರೆದ ಚುಕ್ಕೆಗೆರೆ, ಮತ್ತು ಅದರ ಗುಂಟ ಕುಂಚದಿಂದ ಎಳೆದ ಬಣ್ಣದ ಪಟ್ಟಿ. ಚುಕ್ಕೆಗೆರೆಯನ್ನು ಅಳಿಸಲು ತಗಡನ್ನು ಹಿಂಬದಿಯಿಂದ ಬಡಿದು, ಉಜ್ಜಿ, ಮತ್ತೆ ಕೊರೆಯಬೇಕು. ಬಣ್ಣದ ಪಟ್ಟಿಯನ್ನು ಬೇರೆ ಕಡೆಗೆ ಎಳೆಯಲು ಕೆಲಸದವರಿಗೆ ಒಂದು ಮಾದರಿ ಹಾಳೆ ಕೊಟ್ಟರೆ ಸಾಕು. ಆದ್ದರಿಂದಲೇ ಒಂದೇ ತಗಡಿನಿಂದ, ಒಂದೇ ಇಸವಿ ಹೊತ್ತು ಬಂದ ಎರಡು ಹಾಳೆಗಳು ಬೇರೆ ಬೇರೆ ರಾಜಕೀಯವನ್ನು ತೋರಿಸಬಲ್ಲವು. ಗಡಿ ಅಲುಗಾಡದ ನಾಡಿನ ನಕ್ಷೆಗಳಲ್ಲಿ ಬಣ್ಣ ಅಲಂಕಾರ. ನಮ್ಮ ಕಡೆಯ ನಕ್ಷೆಗಳಲ್ಲಿ ಅದು ಸಾಕ್ಷಿ. ಸಂಗ್ರಾಹಕರು ಮೊದಲು ಕಲಿಯಬೇಕಾದ ಪಾಠ ಇದೇ ಎಂದು ನನ್ನ ಗಟ್ಟಿ ನಂಬಿಕೆ.

ಸಾಕ್ಷಿಯನ್ನು ತಿರುಚುವುದೂ ಬಣ್ಣದಿಂದಲೇ. ಬಣ್ಣವಿಲ್ಲದೆ ಬಂದ ಹಳೆಯ ಹಾಳೆಗಳಿಗೆ ಇಪ್ಪತ್ತನೆಯ ಶತಮಾನದಲ್ಲಿ ಬಣ್ಣ ಹಚ್ಚಿ ಮಾರುವುದು ಸಾಮಾನ್ಯ ವಾಡಿಕೆಯಾಗಿತ್ತು, ಇಂದಿಗೂ ಇದೆ. ಹಾಗೆ ಹಚ್ಚಿದವರಿಗೆ 1800ರ ಒಪ್ಪಂದ ಗೊತ್ತಿರಬೇಕೆಂದೇನಿಲ್ಲ. ಕಂಡ ಚುಕ್ಕೆಗೆರೆಯ ಗುಂಟ ಕುಂಚ ಓಡಿಸಿರುತ್ತಾರೆ. ನಿಮ್ಮ 1804ರ ನಕ್ಷೆಯಲ್ಲಿ ಬಳ್ಳಾರಿಗೆ ನಿಜಾಮರ ಬಣ್ಣ ಬಂದದ್ದು ಪ್ರಕಾಶಕನ ಹಳೆಯ ಮಾಹಿತಿಯಿಂದಲೋ ಅಥವಾ ಇತ್ತೀಚಿನ ಯಾರದೋ ಕುಂಚದಿಂದಲೋ ಎಂಬುದನ್ನು ಪತ್ತೆಮಾಡಿದರೆ, ಹಾಳೆಯ ಬೆಲೆಯೂ ಮೌಲ್ಯವೂ ತಾವಾಗಿ ಗೊತ್ತಾಗುತ್ತವೆ.

ಪತ್ತೆಗೆ ಒಳ್ಳೆಯ ಭೂತಗನ್ನಡಿ ಮತ್ತು ಬೆಳಕು ಸಾಕು. ಮೊದಲು ಹಾಳೆಯ ಹಿಂಬದಿ ನೋಡಿ. ಆಗಿನ ಹಸಿರು ಬಣ್ಣದಲ್ಲಿ ಹೆಚ್ಚಾಗಿ ತಾಮ್ರದ ಕಿಲುಬು ಇರುತ್ತಿತ್ತು. ಅದು ವರ್ಷಗಳುದ್ದಕ್ಕೂ ಕಾಗದವನ್ನು ಸುಡುತ್ತಾ ಹೋಗಿ, ಹಿಂಬದಿಯಲ್ಲಿ ಕಂದು ಗೆರೆಯಾಗಿ ಮೂಡುತ್ತದೆ. ಹಸಿರು ಗಡಿಯ ಹಿಂದೆ ಕಾಗದ ಅಚ್ಚ ಬಿಳಿಯಾಗಿದ್ದರೆ ಅನುಮಾನಿಸಿ. ಆಮೇಲೆ ಮಡಿಕೆಗಳನ್ನು ಗಮನಿಸಿ. ಪುಸ್ತಕದೊಳಗೆ ಮಡಚಿಟ್ಟಿದ್ದ ನಕ್ಷೆಯ ಮಡಿಕೆ ಕಾಲಕ್ರಮದಲ್ಲಿ ಬಿರಿಯುತ್ತದೆ. ಬಿರುಕಿನೊಳಗೆ ಬಣ್ಣ ಇಳಿದು ಗಾಢವಾಗಿ ಕೂತಿದ್ದರೆ, ಮಡಿಕೆ ಬಿರಿದ ನಂತರ ಬಣ್ಣ ಹಚ್ಚಿದ್ದಾರೆ ಎಂದೇ ಅರ್ಥ. ಹಳೆಯ ನೀರಿನ ಕಲೆಯ ಮೇಲೆ ಬಣ್ಣ ಹರಡಿದ್ದರೂ ಅಷ್ಟೇ.

ಅಚ್ಚಿನ ಪರೀಕ್ಷೆ ಇದಕ್ಕಿಂತ ಸುಲಭ. ತಾಮ್ರಪಟದ ಅಚ್ಚಿನಲ್ಲಿ ಮಸಿ ಕಾಗದದ ಮೇಲೆ ತುಸು ಉಬ್ಬಿ ಕೂತಿರುತ್ತದೆ. ತಗಡಿನ ಅಂಚು ಒತ್ತಿದ ಗುರುತು ನಕ್ಷೆಯ ಸುತ್ತ ತಗ್ಗಾಗಿ ಕಾಣುತ್ತದೆ. ಕಲ್ಲಚ್ಚಿನ ಹಾಳೆ ನುಣುಪು, ಅಲ್ಲಿ ಒತ್ತಿದ ಗುರುತಿರುವುದಿಲ್ಲ. ಭೂತಗನ್ನಡಿಯಲ್ಲಿ ಸಣ್ಣ ಸಣ್ಣ ಬಣ್ಣದ ಚುಕ್ಕೆಗಳ ಜಾಲ ಕಂಡರೆ ಅದು ನಮ್ಮ ಕಾಲದ ಪ್ರತಿ, ಮುಂದೆ ನೋಡಬೇಕಾಗಿಲ್ಲ. ಕಾಗದವನ್ನು ಬೆಳಕಿಗೆ ಹಿಡಿದಾಗ ‘ಜೆ ವಾಟ್‌ಮನ್’ ಎಂಬ ಇಂಗ್ಲಿಷ್ ಕಾಗದ ತಯಾರಕರ ನೀರುಗುರುತು (ಕಾಗದದೊಳಗೇ ಮೂಡಿದ ಗುರುತು) ಕಂಡರೆ ಖುಷಿಪಡಿ. ಇಂಗ್ಲೆಂಡಿನಲ್ಲಿ 1794ರ ತೆರಿಗೆ ಕಾನೂನಿನ ನಂತರ ಕಾಗದದ ಗಿರಣಿಗಳು ನೀರುಗುರುತಿನಲ್ಲಿ ಇಸವಿಯನ್ನೂ ಹಾಕತೊಡಗಿದವು. 1804ರ ನಕ್ಷೆಯ ಕಾಗದದಲ್ಲಿ 1811 ಎಂದಿದ್ದರೆ, ಹಾಳೆ ಅಸಲಿ, ಆದರೆ ಅಚ್ಚಾದದ್ದು ಏಳು ವರ್ಷವಾದರೂ ತಡವಾಗಿ ಎಂದು ಖಚಿತವಾಗುತ್ತದೆ.

ಹಳೆಯ ಮಾಹಿತಿ ನಕ್ಷೆಯಲ್ಲಿ ಉಳಿದುಕೊಂಡರೆ ಅದನ್ನು ಕೂಡಲೇ ತಪ್ಪೆಂದು ಕರೆಯುವ ಅವಸರವೂ ಬೇಡ. ನಿಮ್ಮ ಪಕ್ಕದ ಹಂಪಿಯದೇ ಉದಾಹರಣೆ. ಆಂಟ್ವರ್ಪಿನ ನಕ್ಷೆಗಾರ ಆರ್ಟೀಲಿಯಸ್ 1570ರಲ್ಲಿ ಅಟ್ಲಾಸ್ ಹೊರತಂದಾಗ ವಿಜಯನಗರ ಹಾಳಾಗಿ ಐದು ವರ್ಷವಾಗಿತ್ತು. ಆದರೂ ಹದಿನೇಳನೆಯ ಶತಮಾನದ ಡಚ್ ನಕ್ಷೆಗಳವರೆಗೆ ದಕ್ಷಿಣದ ನಡುವೆ ‘ನರ್ಸಿಂಗ’ (ವಿಜಯನಗರಕ್ಕೆ ಯುರೋಪಿನವರು ಇಟ್ಟ ಹೆಸರು) ರಾಜ್ಯ ದೊಡ್ಡ ಅಕ್ಷರಗಳಲ್ಲಿ ಮುಂದುವರಿಯಿತು. ನಕ್ಷೆಗಾರರು ಒಬ್ಬರನ್ನು ನೋಡಿ ಒಬ್ಬರು ನಕಲು ಮಾಡಿದರು ಎಂಬುದು ನಿಜ. ಆದರೆ ಅರಸರು ಪೆನುಕೊಂಡೆಗೆ, ಅಲ್ಲಿಂದ ಚಂದ್ರಗಿರಿಗೆ ಹೋಗಿ ಹದಿನೇಳನೆಯ ಶತಮಾನದ ನಡುಭಾಗದವರೆಗೂ ವಿಜಯನಗರದ ಹೆಸರಿನಲ್ಲೇ ಆಳುತ್ತಿದ್ದರೆಂಬುದೂ ಅಷ್ಟೇ ನಿಜ. ರಾಜಧಾನಿ ಬಿದ್ದ ದಿನ ರಾಜ್ಯದ ಹೆಸರು ಅಳಿಸಬೇಕಿತ್ತು ಎಂದು ಇಂದು ಕುಳಿತು ಹೇಳುವುದು ಸುಲಭ. ಅದೇ ನಕ್ಷೆಗಳಲ್ಲಿ ಕರಾವಳಿ ಎಷ್ಟು ಚೆನ್ನಾಗಿ ಬಂದಿದೆ ನೋಡಿ: ಓನೋರ್, ಬಟಿಕಲ, ಬಾರ್ಸೆಲೋರ್, ಅಂದರೆ ಹೊನ್ನಾವರ, ಭಟ್ಕಳ, ಬಸ್ರೂರು ಸಾಲಾಗಿ ನಿಂತಿವೆ. ಹಡಗು ಮುಟ್ಟಿದ ಊರುಗಳು ಅವು. ಒಳನಾಡಿನಲ್ಲಿ ಬೆಟ್ಟದ ಚಿತ್ರ ಬರೆದು ಜಾಗ ತುಂಬಿಸಿದ್ದಾರೆ.

ಈಗ, ಎಲ್ಲಿಂದ ಆರಂಭಿಸುವುದು? ಇಡೀ ಕರ್ನಾಟಕದ ನಕ್ಷೆಗಳನ್ನೆಲ್ಲ ಕೂಡಿಸಲು ಹೋಗಬೇಡಿ. ಒಂದು ಗೆರೆಯನ್ನು ಆರಿಸಿಕೊಂಡು ಅದನ್ನು ಕಾಲದುದ್ದಕ್ಕೂ ಹಿಂಬಾಲಿಸಿ. ನಿಮಗೆ ತುಂಗಭದ್ರೆಗಿಂತ ಒಳ್ಳೆಯ ಗೆರೆ ಸಿಗದು. ಒಮ್ಮೆ ಹೈದರನ ರಾಜ್ಯದೊಳಗೆ ಹರಿದ ನದಿ, 1792ರಲ್ಲಿ ಮರಾಠರ ಗಡಿಯಾಯಿತು, ಆಮೇಲೆ ನಿಜಾಮರ ರಾಯಚೂರಿಗೂ ಕಂಪನಿಯ ಬಳ್ಳಾರಿಗೂ ನಡುವಿನ ಗಡಿಯಾಗಿ ಒಂದೂವರೆ ಶತಮಾನ ಉಳಿಯಿತು. 1956ರ ನವೆಂಬರ್ 1ರಂದು ಎರಡೂ ದಡ ಒಂದೇ ರಾಜ್ಯಕ್ಕೆ ಸೇರಿದವು. ಹಾಗಾಗಿ ಯಾವ ನಕ್ಷೆ ಸಿಕ್ಕರೂ ಮೊದಲು ನದಿಯ ಎರಡು ದಡಗಳ ಬಣ್ಣ ನೋಡಿ.

ಈ ದಾರಿಯಲ್ಲಿ ಮೊದಲ ಮೈಲಿಗಲ್ಲು ಜೇಮ್ಸ್ ರೆನೆಲ್. 1767ರಲ್ಲಿ ಬಂಗಾಳದ ಸರ್ವೇಯರ್ ಜನರಲ್ ಆದವನು. 1782ರಲ್ಲಿ ಹಿಂದೂಸ್ಥಾನದ ನಕ್ಷೆ ತಂದ, 1788ರಲ್ಲಿ ಅದನ್ನು ದೊಡ್ಡದಾಗಿಸಿದ. ನಿಮಗೆ ಬೇಕಾದದ್ದು ಅವನ 1792ರ ನಕ್ಷೆ: ಕೃಷ್ಣಾ ನದಿಯಿಂದ ಕನ್ಯಾಕುಮಾರಿಯವರೆಗಿನ ಪರ್ಯಾಯದ್ವೀಪ, ಮೂರನೆಯ ಮೈಸೂರು ಯುದ್ಧದ ಒಪ್ಪಂದದ ಹಂಚಿಕೆ ಸಮೇತ. 1799ರ ಹಂಚಿಕೆಯ ನಂತರ ಇದೇ ನಕ್ಷೆ ಹೊಸ ಗಡಿಗಳೊಂದಿಗೆ ಮತ್ತೆ ಬಂತು. ಎರಡೂ ಅಕ್ಕಪಕ್ಕ ಇದ್ದರೆ, ಏಳೇ ವರ್ಷಗಳಲ್ಲಿ ಒಂದು ರಾಜ್ಯ ಎಷ್ಟು ಕುಗ್ಗಿತು ಎಂಬುದು ಯಾವ ಪಾಠಪುಸ್ತಕವೂ ಹೇಳಲಾಗದಷ್ಟು ಸ್ಪಷ್ಟವಾಗಿ ಕಾಣುತ್ತದೆ. ದುಬಾರಿಯೇ ಸರಿ. ಎರಡರಲ್ಲಿ ಒಂದನ್ನಷ್ಟೇ ಕೊಳ್ಳಲು ಸಾಧ್ಯವಾದರೆ ಎರಡನೆಯದನ್ನು ಕೊಳ್ಳಿ ಎನ್ನುತ್ತೇನೆ. 1799ರಲ್ಲಿ ಹರಪನಹಳ್ಳಿ, ಆನೆಗೊಂದಿ, ಸೋಂದೆ ಸೀಮೆಗಳನ್ನು ಪೇಶ್ವೆಗೆ ಕೊಡುತ್ತೇವೆಂದು ಕಂಪನಿ ಮುಂದಿಟ್ಟಿತ್ತು, ಅವನು ಒಪ್ಪಲಿಲ್ಲ. ಆ ಗೊಂದಲದ ದಿನಗಳ ಹಾಳೆಗಳಲ್ಲಿ ನಿಮ್ಮ ಪಶ್ಚಿಮದ ತಾಲ್ಲೂಕುಗಳಿಗೆ ಯಾವ ಬಣ್ಣ ಬಿದ್ದಿದೆ ಎಂದು ನೋಡುವುದೇ ಒಂದು ಅಧ್ಯಯನ. ಹರಪನಹಳ್ಳಿಯ ಅಲೆದಾಟ ನಮ್ಮ ಕಾಲದಲ್ಲೂ ನಿಲ್ಲಲಿಲ್ಲ: 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ.

ರೆನೆಲ್ ಪ್ರತಿಭಾವಂತ, ಆದರೆ ದಕ್ಷಿಣದ ನೆಲವನ್ನು ಅವನು ಅಳೆದವನಲ್ಲ. ಸೈನ್ಯ ನಡೆದ ದಾರಿಗಳ ಲೆಕ್ಕ, ಅಧಿಕಾರಿಗಳ ಪತ್ರಗಳು, ಹಳೆಯ ನಕ್ಷೆಗಳು ಇವನ್ನು ಕೂಡಿಸಿ ಮಾಡಿದ ಕೆಲಸ ಅದು. ನಿಜವಾದ ಅಳತೆ ಶುರುವಾದದ್ದು ಶ್ರೀರಂಗಪಟ್ಟಣ ಬಿದ್ದ ಮೇಲೆ. ಕಾಲಿನ್ ಮೆಕೆಂಜಿ ಮೈಸೂರಿನ ಸರ್ವೆ ಕೈಗೆತ್ತಿಕೊಂಡ, ಆನಂತರ ನಿಮ್ಮ ಸೀಮೆಯದನ್ನೂ ಮಾಡಿಸಿದ. ಅವನ ಜೊತೆ ಕಾವಲಿ ಸಹೋದರರಾದ ವೆಂಕಟ ಬೋರಯ್ಯ, ಲಕ್ಷ್ಮಯ್ಯ ಮುಂತಾದವರು ಊರೂರು ಅಲೆದು ಕೈಫಿಯತ್ತು (ಊರಿನ ಚರಿತ್ರೆಯ ಬರಹ), ಶಾಸನಗಳನ್ನು ಕೂಡಿಸಿದರು. ಅದೇ ಹೊತ್ತಿಗೆ ವಿಲಿಯಂ ಲ್ಯಾಂಬ್ಟನ್ 1802ರ ಏಪ್ರಿಲ್‌ನಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ತ್ರಿಕೋನಗಳ ಜಾಲದಿಂದ ದೂರ ಲೆಕ್ಕಹಾಕುವ ಅಳತೆಗೆ ಆಧಾರವಾದ ಮೂಲರೇಖೆ ಹಾಕಿದ, 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದನ್ನು ಅಳೆಸಿದ. ಈ ದುಡಿಮೆಯ ಫಲ ಅಚ್ಚಿನಲ್ಲಿ ಕಂಡದ್ದು ಲಂಡನ್ನಿನ ನಕ್ಷೆಗಾರ ಆರನ್ ಆರೋಸ್ಮಿತ್ ಹೊರತಂದ 1822ರ ದಕ್ಷಿಣ ಭಾರತದ ಅಟ್ಲಾಸಿನಲ್ಲಿ, ಹದಿನೆಂಟು ಹಾಳೆಗಳಲ್ಲಿ. ಬಳ್ಳಾರಿಯ ಹಾಳೆ ಬಿಡಿಯಾಗಿ ಸಿಕ್ಕರೆ ಬಿಡಬೇಡಿ. ಹಳ್ಳಿಗಳು, ಕೆರೆಗಳು, ಗುಡ್ಡಗಳು ಮೊದಲ ಬಾರಿಗೆ ತಮ್ಮ ತಮ್ಮ ಜಾಗದಲ್ಲಿ ಕೂತ ಹಾಳೆಗಳು ಅವು. 1827ರಿಂದ ಆರಂಭವಾದ ಸರ್ಕಾರಿ ‘ಇಂಡಿಯನ್ ಅಟ್ಲಾಸ್’ ಹಾಳೆಗಳೂ ನಾಲ್ಕು ಮೈಲಿಗೆ ಒಂದು ಇಂಚಿನ ಪ್ರಮಾಣದಲ್ಲಿ ಇದೇ ಜಾಡಿನವು.

1851ರ ಸುಮಾರಿನ ಜಾನ್ ಟ್ಯಾಲಿಸ್ ನಕ್ಷೆಯನ್ನು ಎಲ್ಲರೂ ಮೊದಲು ಕೊಳ್ಳುತ್ತಾರೆ. ಅಂಚಿನಲ್ಲಿ ಬಳ್ಳಿ, ಮೂಲೆಗಳಲ್ಲಿ ಚಿತ್ರಗಳು, ನೋಡಲು ಚೆಂದ, ಕೈಗೆಟಕುವ ಬೆಲೆ. ಗೋಡೆಗೆ ಬೇಕಿದ್ದರೆ ಕೊಳ್ಳಿ. ಗಡಿಯ ಬಗ್ಗೆ ಅದು ಹೊಸದೇನನ್ನೂ ಹೇಳುವುದಿಲ್ಲ.

ನನಗೆ ಹೆಚ್ಚು ಪ್ರಿಯವಾದದ್ದು, ಯಾರೂ ಕಣ್ಣೆತ್ತಿ ನೋಡದ ಒಂದು ಕಾಲಘಟ್ಟ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ. ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಸಂಡೂರು ಮೈಸೂರಿಗೆ. ಧಾರವಾಡ ಇನ್ನೂ ಮುಂಬಯಿಯಲ್ಲಿ, ರಾಯಚೂರು ಹೈದರಾಬಾದಿನಲ್ಲಿ, ಮಂಗಳೂರು ಮದರಾಸಿನಲ್ಲಿ, ಕೊಡಗು ಪ್ರತ್ಯೇಕ. ಉತ್ತರಕ್ಕೆ ಬಳ್ಳಾರಿಯನ್ನು ಚಾಚಿಕೊಂಡ ಆ ಆಕಾರದ ಮೈಸೂರು ರಾಜ್ಯ ಇದ್ದದ್ದು ಮೂರು ವರ್ಷ ಒಂದು ತಿಂಗಳು ಮಾತ್ರ. ಅದನ್ನು ಹಿಡಿದಿಟ್ಟದ್ದು ಆ ಕಾಲದ ಶಾಲಾ ಅಟ್ಲಾಸುಗಳು, ಗೋಡೆ ನಕ್ಷೆಗಳು, ರೈಲ್ವೆ ವೇಳಾಪಟ್ಟಿಯೊಳಗಿನ ನಕ್ಷೆಗಳು. ಶಾಲೆಗಳು 1956ರ ನಂತರ ಅವನ್ನು ರದ್ದಿಗೆ ಹಾಕಿದವು. ನೀವು ಶಿಕ್ಷಕರಾಗಿದ್ದವರು, ಹಳೆಯ ಶಾಲೆಗಳ ಬೀರುಗಳು ನಿಮಗೆ ಗೊತ್ತು, ಮುಖ್ಯೋಪಾಧ್ಯಾಯರೂ ಗೊತ್ತು. ಲಂಡನ್ನಿನ ವ್ಯಾಪಾರಿಗೆ ದೊರೆಯದ ನಕ್ಷೆ ನಿಮಗೆ ದೊರೆಯುವ ಜಾಗ ಇದು. ಶಾಲೆಯ ಒಪ್ಪಿಗೆಯನ್ನು ಬರಹದಲ್ಲಿ ಪಡೆದು ತೆಗೆದುಕೊಳ್ಳಿ.

ಇಸವಿ ಇಲ್ಲದ ಹಾಳೆ ಸಿಕ್ಕರೆ ನಿಮ್ಮ ಜಿಲ್ಲೆಯೇ ಕಾಲ ಹೇಳುತ್ತದೆ. ಬಳ್ಳಾರಿ ಜಿಲ್ಲೆ ಅನಂತಪುರವನ್ನೂ ಒಳಗೊಂಡಿದ್ದರೆ ನಕ್ಷೆ 1882ಕ್ಕೆ ಮೊದಲಿನ ಸ್ಥಿತಿಯದು. ಜಿಲ್ಲೆಯ ನಡುವೆ ಸಂಡೂರು ಸಂಸ್ಥಾನ ಬೇರೆ ಬಣ್ಣದ ಚುಕ್ಕೆಯಾಗಿದ್ದರೆ 1949ಕ್ಕೆ ಮೊದಲಿನದು. ಹೊಸಪೇಟೆಯ ಪಕ್ಕ ತುಂಗಭದ್ರಾ ಜಲಾಶಯ ನೀಲಿಯಾಗಿ ಹರಡಿದ್ದರೆ ಐವತ್ತರ ದಶಕಕ್ಕೆ ಬಂದಿರಿ. ದೂರದ ಗುರುತುಗಳೂ ನೆರವಾಗುತ್ತವೆ: ಉತ್ತರ ಕನ್ನಡ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಹೋದದ್ದು 1862ರಲ್ಲಿ, ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ, ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. ಒಂದೇ ಗುರುತನ್ನು ನಂಬಬೇಡಿ. ರೈಲು ಹಳಿಯನ್ನು ಹೊಸದಾಗಿ ಕೊರೆದು ಗಡಿಯನ್ನು ಹಳೆಯದಾಗಿಯೇ ಬಿಟ್ಟ ತಗಡುಗಳು ಬೇಕಾದಷ್ಟಿವೆ.

ಕೊಳ್ಳುವ ಮುನ್ನ ಕಣ್ಣನ್ನು ಪಳಗಿಸಿ. ಡೇವಿಡ್ ರಮ್ಸಿ ಸಂಗ್ರಹದ ಜಾಲತಾಣದಲ್ಲಿ ಹಳೆಯ ನಕ್ಷೆಗಳನ್ನು ಕೂದಲೆಳೆಯಷ್ಟು ಹತ್ತಿರದಿಂದ, ಉಚಿತವಾಗಿ ನೋಡಬಹುದು. ದಾನ್ವಿಲ್‌ನ 1752ರ ಭಾರತ ನಕ್ಷೆಯಂಥ ಫ್ರೆಂಚ್ ಕೆಲಸಕ್ಕೆ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ‘ಗ್ಯಾಲಿಕಾ’ ಇದೆ. ಭಾರತದ ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ್ ಪಟಲ್’ ಕೂಡ ಹುಡುಕಲು ಯೋಗ್ಯ. ಮಾರಾಟಕ್ಕಿರುವ ಹಾಳೆಯನ್ನು ಅದೇ ತಗಡಿನ ಬೇರೆ ಪ್ರತಿಯೊಂದಿಗೆ ಹೋಲಿಸಿ ನೋಡುವ ಅಭ್ಯಾಸ ಮಾಡಿಕೊಂಡರೆ ಮೋಸಹೋಗುವ ಸಾಧ್ಯತೆ ಬಹಳ ಕಡಿಮೆಯಾಗುತ್ತದೆ.

ಎರಡು ವಿಷಯಗಳಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ಗ್ರಂಥಾಲಯದ ಮುದ್ರೆ ಉಜ್ಜಿ ತೆಗೆದಂತಿರುವ, ಅಂಚು ಬ್ಲೇಡಿನಿಂದ ಕೊಯ್ದಂತಿರುವ ಹಾಳೆಯನ್ನು ಎಷ್ಟೇ ಅಗ್ಗವಾದರೂ ಮುಟ್ಟಬೇಡಿ. 2005ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಸಿಕ್ಕಿಬಿದ್ದ ಹೆಸರಾಂತ ನಕ್ಷೆ ವ್ಯಾಪಾರಿಯೊಬ್ಬ, ಹಲವು ಗ್ರಂಥಾಲಯಗಳಿಂದ ತೊಂಬತ್ತಕ್ಕೂ ಹೆಚ್ಚು ನಕ್ಷೆ ಕದ್ದದ್ದನ್ನು ಒಪ್ಪಿಕೊಂಡ. ಅವನಿಂದ ನಂಬಿಕೆಯಿಂದ ಕೊಂಡವರಿದ್ದರು. ನಮ್ಮಲ್ಲೂ ರದ್ದಿ ಅಂಗಡಿಗಳಿಗೆ ಬರುವ ಗ್ರಾಮ ನಕ್ಷೆ, ಟಿಪ್ಪಣಿ ಪುಸ್ತಕಗಳು ಭೂಮಾಪನ ಇಲಾಖೆಯ ದಾಖಲೆಗಳಾಗಿರಬಹುದು. ಅವುಗಳ ಮೇಲೆ ರೈತರ ಜಮೀನಿನ ಹಕ್ಕು ನಿಂತಿರುತ್ತದೆ. ಅವು ಇಲಾಖೆಗೆ ಮರಳಬೇಕು. ನಿಮಗೆ ಬೇಕಿದ್ದರೆ ದೃಢೀಕೃತ ಪ್ರತಿ ಪಡೆಯಿರಿ. ಎರಡನೆಯದು ಕಾನೂನು. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವಸ್ತುಗಳು, ಚಾರಿತ್ರಿಕ ಮೌಲ್ಯದ ಹಸ್ತಪ್ರತಿ ಮತ್ತು ದಾಖಲೆಗಳಾದರೆ 75 ವರ್ಷ ದಾಟಿದವು, ಪುರಾತನ ವಸ್ತುಗಳೆನಿಸುತ್ತವೆ. ಅವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ವಿದೇಶದಿಂದ ತರಿಸಿದ ನಕ್ಷೆಯ ರಸೀದಿ, ಕಸ್ಟಮ್ಸ್ ಕಾಗದಗಳನ್ನು ಜೋಪಾನವಾಗಿಡಿ. ಹೊರಗಿರುವ ಮಕ್ಕಳಿಗೆ ಕಳಿಸುವ ಯೋಚನೆ ಬಂದರೆ ಮೊದಲು ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು ವಿಚಾರಿಸಿ.

ಕಾಪಾಡುವ ಬಗ್ಗೆ ಹೇಳುವುದಾದರೆ, ನಿಮ್ಮ ಊರಿನ ಒಣ ಹವೆ ಕಾಗದಕ್ಕೆ ಕರಾವಳಿಗಿಂತ ಒಳ್ಳೆಯದು. ಶತ್ರುಗಳು ಬಿಸಿಲು, ದೂಳು, ಗೆದ್ದಲು. ಲ್ಯಾಮಿನೇಷನ್ ಮಾಡಿಸಿದ ಹಾಳೆಗೆ ಉದ್ಧಾರವಿಲ್ಲ. ಸೆಲ್ಲೋಟೇಪಿನ ಅಂಟು ಕೆಲವೇ ವರ್ಷಗಳಲ್ಲಿ ಹಳದಿ ಕಲೆಯಾಗಿ ಕಾಗದದೊಳಗೆ ಇಳಿಯುತ್ತದೆ. ಆಮ್ಲರಹಿತ ಹಾಳೆಗಳ ನಡುವೆ, ಮಡಚದೆ, ಅಗಲವಾದ ಡ್ರಾಯರಿನಲ್ಲಿ ಮಲಗಿಸಿಡಿ. ಚೌಕಟ್ಟು ಹಾಕಿಸಿದರೆ ನಕ್ಷೆ ಗಾಜಿಗೆ ತಾಗದಿರಲಿ, ಬಿಸಿಲು ಬೀಳುವ ಗೋಡೆ ಬೇಡ. ಹೆಚ್ಚಿನ ಆರೈಕೆ ಬೇಕಾದದ್ದು ಹೊಸದಕ್ಕೆ. ರೆನೆಲ್‌ನ ಹಾಳೆ ಹತ್ತಿ, ನಾರಿನ ಬಟ್ಟೆ ಚಿಂದಿಯಿಂದ ಮಾಡಿದ ಕಾಗದ, ಇನ್ನೂ ಇನ್ನೂರು ವರ್ಷ ಬಾಳುತ್ತದೆ. 1954ರ ಶಾಲಾ ಅಟ್ಲಾಸು ಮರದ ತಿರುಳಿನದು, ಈಗಾಗಲೇ ಪುಡಿಯಾಗುತ್ತಿದೆ. ಸಿಕ್ಕ ದಿನವೇ ಅದನ್ನು ಸ್ಕ್ಯಾನ್ ಮಾಡಿಸಿ.

ಲಂಡನ್ನಿನ ವ್ಯಾಪಾರಿಗೆ ಈಗಲೇ ಬರೆಯಿರಿ. ಹಿಂಬದಿಯ ಫೋಟೋ, ಬೆಳಕಿಗೆ ಹಿಡಿದು ತೆಗೆದ ಫೋಟೋ, ಮಡಿಕೆಯೊಂದರ ಹತ್ತಿರದ ಫೋಟೋ ಕೇಳಿ. ಬಣ್ಣ ಪ್ರಕಟಣೆಯ ಕಾಲದ್ದೇ ಎಂದು ಬಿಲ್ಲಿನಲ್ಲಿ ಬರೆದುಕೊಡುತ್ತೀರಾ, ಅಲ್ಲವೆಂದು ತಿಳಿದರೆ ಹಿಂದಕ್ಕೆ ತೆಗೆದುಕೊಳ್ಳುತ್ತೀರಾ ಎಂದು ವಿಚಾರಿಸಿ. ಒಳ್ಳೆಯ ವ್ಯಾಪಾರಿ ಎರಡಕ್ಕೂ ಒಪ್ಪುತ್ತಾನೆ. ಬಣ್ಣ ಹಳೆಯದೇ ಆಗಿದ್ದರೆ, ಬಳ್ಳಾರಿ ನಿಜಾಮರದಾಗಿದ್ದ ಆ ಚಿಕ್ಕ ಅವಧಿಯ ನಕ್ಷೆ ಎಂದೇ ತಿಳಿದು ಕೊಳ್ಳಿ. ಬಣ್ಣ ಹೊಸದಾದರೆ ಬಣ್ಣವಿಲ್ಲದ ಹಾಳೆಯ ಬೆಲೆಗಿಂತ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಬೇಡಿ.